ಬೀಗದ ಕೈ ಯಾರ ಸೊಂಟದಲ್ಲಿ?

ನಮ್ಮ ತಾತ ಮಂಡ್ಯ ಸೀಮೆಯ ಹೊಲಗೇರಿಯವನು. ಮೇಲುಕೋಟೆಯ ಚೆಲುವನಾರಾಯಣನ ಗುಡಿಯೊಳಕ್ಕೆ ನಮ್ಮವರನ್ನು ವರ್ಷಕ್ಕೆ ಮೂರು ದಿನ ಬಿಡುತ್ತಿದ್ದರಂತೆ. ರಾಮಾನುಜರು ನಮ್ಮನ್ನು ‘ತಿರುಕುಲದವರು’ ಎಂದು ಕರೆದರೆಂಬ ಕತೆಯನ್ನು ಮೇಲ್ಜಾತಿಯ ವಿದ್ವಾಂಸರು ಹೆಮ್ಮೆಯಿಂದ ಹೇಳುತ್ತಾ ಬಂದಿದ್ದಾರೆ. ತಾತ ಮಾತ್ರ ನಗುತ್ತಿದ್ದ: “ಮೂರು ದಿನ ತೆಗ್ದೋರೇ ನಾಕನೇ ದಿನ ಮುಚ್ಚೋರು ಕನ ಮಗ. ಬೀಗದ ಕೈ ಅವರ ಸೊಂಟದಲ್ಲೇ ಇತ್ತು.”

ಅದೇ ಮೇಲುಕೋಟೆಯಲ್ಲಿ 1948ರಲ್ಲಿ ಅಯ್ಯಂಗಾರ್ ಮನೆತನದಲ್ಲಿ ಜಯಲಲಿತಾ ಹುಟ್ಟಿದರು. 1964ರಲ್ಲಿ ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ಕನ್ನಡದ ನಾಯಕಿಯಾದರು, ಮರುವರ್ಷ ತಮಿಳು ಚಿತ್ರರಂಗ ಅವರನ್ನು ಸೆಳೆದುಕೊಂಡಿತು. ಕಾವೇರಿ ಗಲಾಟೆ ಬಂದಾಗ ‘ತಮಿಳಿನವಳು’, ತಣ್ಣಗಾದಾಗ ‘ನಮ್ಮ ಮೇಲುಕೋಟೆಯ ಹೆಣ್ಣುಮಗಳು’ — ಇದು ನಮ್ಮ ಕನ್ನಡಿಗರ ಲೆಕ್ಕ. ನನ್ನ ಪ್ರಶ್ನೆ ಬೇರೆ. ಈಕೆಯನ್ನು ನಾವು, ಕೇರಿಯಿಂದ ಬಂದವರು, ಹೇಗೆ ಓದಬೇಕು?

ಆಕೆ ಉಂಡ ಅವಮಾನ ಸಣ್ಣದಲ್ಲ. 1987ರ ಡಿಸೆಂಬರಿನಲ್ಲಿ ಎಂಜಿಆರ್ ಶವ ಹೊತ್ತ ಗಾಡಿಯಿಂದ ಆಕೆಯನ್ನು ಕೆಳಕ್ಕೆ ತಳ್ಳಿದರು. 1989ರ ಮಾರ್ಚ್ 25ರಂದು ವಿಧಾನಸಭೆಯ ಗದ್ದಲದಲ್ಲಿ ತನ್ನ ಸೀರೆ ಎಳೆದರೆಂದು ಆಕೆ ಹೇಳಿದರು. ‘ಸಿನಿಮಾದವಳು’ ಎಂಬ ಬೈಗುಳವನ್ನು ಮೆಟ್ಟಿಕೊಂಡೇ 1991ರಲ್ಲಿ ಮುಖ್ಯಮಂತ್ರಿಯಾದರು. ಹೆಣ್ಣೆಂದು ಹೀಗಳೆದವರೇ ಕಾಲಿಗೆ ಬಿದ್ದರು. ಅದನ್ನು ಕಂಡು ನನಗೂ ಒಳಗೊಳಗೇ ಖುಷಿಯಾದದ್ದುಂಟು. ಅವಮಾನ ಉಂಡವರು ಅವಮಾನಿತರನ್ನು ಗುರುತಿಸುತ್ತಾರೆ ಎಂದು ನಂಬಿದ್ದೆ. ಚರಿತ್ರೆ ಆ ನಂಬಿಕೆಯನ್ನು ಉಳಿಸಲಿಲ್ಲ.

1992ರ ಜೂನಿನಲ್ಲಿ ಧರ್ಮಪುರಿ ಜಿಲ್ಲೆಯ ವಾಚಾತ್ತಿ ಎಂಬ ಬುಡಕಟ್ಟಿನ ಹಳ್ಳಿಗೆ ಶ್ರೀಗಂಧ ಹುಡುಕುವ ಹೆಸರಲ್ಲಿ ಅರಣ್ಯ, ಪೊಲೀಸ್, ಕಂದಾಯದವರು ನುಗ್ಗಿದರು. 18 ಹೆಂಗಸರ ಮೇಲೆ ಅತ್ಯಾಚಾರವಾಯಿತು. ಆಳುತ್ತಿದ್ದವಳು ಹೆಣ್ಣು, ಆ ಹೆಂಗಸರ ಮಾತನ್ನು ನ್ಯಾಯಾಲಯ ಒಪ್ಪಿ ಶಿಕ್ಷೆ ಕೊಟ್ಟದ್ದು 2011ರಲ್ಲಿ. 1995ರ ಆಗಸ್ಟ್ 31ರಂದು ದಲಿತರ ಊರು ಕೊಡಿಯಂಕುಲದ ಮೇಲೆ ನೂರಾರು ಪೊಲೀಸರು ಬಿದ್ದರು. ಗಲ್ಫ್ ದುಡಿಮೆಯಿಂದ ನಾಲ್ಕು ಕಾಸು ಕಂಡಿದ್ದ ಊರದು. ಟಿ.ವಿ. ಒಡೆದರು, ಪಾಸ್‌ಪೋರ್ಟು ಹರಿದರು, ಕುಡಿಯುವ ಬಾವಿಯನ್ನು ಕೆಡಿಸಿದರು. ದಲಿತರ ಬಡತನ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಚುಚ್ಚುವುದು ಅವರ ಏಳಿಗೆ.

ಹಾಗಂತ ಕೊಟ್ಟದ್ದನ್ನು ಮರೆಮಾಚಬಾರದು. ಮಂಡಲ್ ತೀರ್ಪು ಶೇ. 50ರ ಗೆರೆ ಎಳೆದಾಗ, 69ರ ಮೀಸಲಾತಿಯನ್ನು ಕಾಯ್ದೆ ಮಾಡಿ 1994ರಲ್ಲಿ ಸಂವಿಧಾನದ ಒಂಬತ್ತನೆಯ ಅನುಸೂಚಿಗೆ ಸೇರಿಸಿಕೊಂಡ ಜಾಣ್ಮೆ ಈಕೆಯದು. ಅದರೊಳಗೆ ಪರಿಶಿಷ್ಟ ಜಾತಿಯ ಪಾಲು 18, ಬುಡಕಟ್ಟಿನದು 1. 2012ರಲ್ಲಿ ಅರುಂಧತಿಯಾರ್ ಸಮುದಾಯದ ಧನಪಾಲ್ ಅವರನ್ನು ಸ್ಪೀಕರ್ ಮಾಡಿದರು. ಆದರೆ ಅದರ ಹಿಂದಿನ ವರ್ಷ, ಇಮ್ಯಾನುವೆಲ್ ಶೇಖರನ್ ಅವರ ಕೊಲೆಯಾದ ಸೆಪ್ಟೆಂಬರ್ 11ರ ನೆನಪಿನ ದಿನವೇ, ಪರಮಕುಡಿಯಲ್ಲಿ ಪೊಲೀಸರು ಗುಂಡಿಕ್ಕಿ ದಲಿತರನ್ನು ಕೊಂದಿದ್ದರು. 1957ರ ಆ ಕೊಲೆಯ ಮೊಕದ್ದಮೆಯಲ್ಲಿ ಮುತ್ತುರಾಮಲಿಂಗ ತೇವರ್ ಆರೋಪಿಯಾಗಿ ಖುಲಾಸೆಯಾಗಿದ್ದವರು. 2014ರಲ್ಲಿ ಜಯಲಲಿತಾ ಪಸುಂಪೊನ್ನಿಗೆ ಹೋಗಿ ತೇವರ್ ಪ್ರತಿಮೆಗೆ ಸುಮಾರು 13 ಕೆಜಿ ಚಿನ್ನದ ಕವಚ ಒಪ್ಪಿಸಿದರು. ಒಂದು ಕಡೆ ಗುಂಡು, ಇನ್ನೊಂದು ಕಡೆ ಬಂಗಾರ. ಓಟಿನ ತಕ್ಕಡಿ ಯಾವ ಕಡೆ ವಾಲುತ್ತದೆಂದು ‘ಅಮ್ಮ’ನಿಗೆ ಗೊತ್ತಿತ್ತು.

ಬ್ರಾಹ್ಮಣಳಾದ್ದರಿಂದ ಹೀಗಾಯಿತು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ 1968ರಲ್ಲಿ ಕೀಳ್ವೆಣ್ಮಣಿಯಲ್ಲಿ 44 ಮಂದಿ ದಲಿತರನ್ನು ಸುಟ್ಟಾಗ ಆಳುತ್ತಿದ್ದವರು ಅಣ್ಣಾದುರೈ. 1997ರಲ್ಲಿ ಮೇಲವಳವಿನ ಪಂಚಾಯ್ತಿ ಅಧ್ಯಕ್ಷ ಮುರುಗೇಶನ್ ಅವರನ್ನು ಕಡಿದಾಗ ಕರುಣಾನಿಧಿ. ಬ್ರಾಹ್ಮಣರನ್ನು ಎದುರುಹಾಕಿಕೊಂಡು ಬೆಳೆದ ಚಳವಳಿ ಗುಡಿಯ ಬಾಗಿಲಿಂದ ಕೆಲವರನ್ನು ಒಳಗೆ ಕರೆದುಕೊಂಡಿತು. ಬೀಗದ ಕೈಯನ್ನು ಕೇರಿಯವರೆಗೆ ತರಲಿಲ್ಲ. ಜಯಲಲಿತಾ ಆ ಬೀಗದ ಕೈಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದರು, ಅಷ್ಟೆ. ಅವರ ಅಕ್ಕಿ, ಮಿಕ್ಸಿ, ಇಡ್ಲಿ ಹಸಿದವರನ್ನು ಮುಟ್ಟಿದ್ದು ನಿಜ. ಅಮ್ಮ ಕೊಡುತ್ತಾಳೆ, ಮಕ್ಕಳು ಕೈಯೊಡ್ಡುತ್ತಾರೆ. ಕೈಯೊಡ್ಡಿದವನಿಗೆ ಲೆಕ್ಕ ಕೇಳುವ ಹಕ್ಕಿಲ್ಲ.

2016ರ ಡಿಸೆಂಬರಿನಲ್ಲಿ ಸತ್ತಾಗ ಆಕೆಯನ್ನು ಸುಡಲಿಲ್ಲ. ಮರೀನಾದಲ್ಲಿ ಎಂಜಿಆರ್ ಪಕ್ಕದಲ್ಲಿ ಹೂತರು. ನಮ್ಮ ಕೇರಿಯವರನ್ನು ಹೂಳುವ ಹಾಗೆಯೇ. ನನಗೆ ಅದು ದೊಡ್ಡ ಮಾತೆನಿಸಿತು. ಕೆಲವೇ ದಿನಕ್ಕೆ ಸಂಬಂಧಿಕರೆನ್ನುವವರು ನಮ್ಮ ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಆಕೆಯ ಬದಲಿಗೊಂದು ಬೊಂಬೆ ಇಟ್ಟು ದಹನದ ಶಾಸ್ತ್ರ ಮುಗಿಸಿದರು. ಮಣ್ಣಿಗೆ ಸೇರಿದವಳನ್ನೂ ಜಾತಿ ವಾಪಸು ಕರೆಸಿಕೊಂಡಿತು.

ತಾತ ಇದ್ದಿದ್ದರೆ ಏನನ್ನುತ್ತಿದ್ದನೋ. ಬಹುಶಃ ನಾಕನೇ ದಿನದ ಮಾತನ್ನೇ ಮತ್ತೆ ಹೇಳುತ್ತಿದ್ದ. ನಾಯಕರು ಏನು ಕೊಟ್ಟರೆಂದು ಪಟ್ಟಿ ಮಾಡುವುದಕ್ಕೆ ಬೇಕಾದಷ್ಟು ಜನರಿದ್ದಾರೆ. ದಲಿತ ವಿಮರ್ಶೆ ಕೇಳಬೇಕಾದದ್ದು ನಾಕನೇ ದಿನದ ಪ್ರಶ್ನೆಯನ್ನು.