ಥೈಲರ್, ಆರ್ನಾಲ್ಡ್

ಆರ್ನಾಲ್ಡ್ ಥೈಲರ್ (1867–1936) ಸ್ವಿಟ್ಜರ್ಲೆಂಡಿನ ಫ್ರಿಕ್ ಎಂಬಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕದಲ್ಲಿ ದುಡಿದ ಪಶುವೈದ್ಯ ವಿಜ್ಞಾನಿ. ಕುದುರೆಗಳ ಮಾರಕ ಬೇನೆಯ ಬೆನ್ನು ಹತ್ತಿದ ಇವರ ಸಂಶೋಧನೆ ಕಡೆಗೆ ಬಂದು ಮುಟ್ಟಿದ್ದು ದನ ಮೇಯುವ ಹುಲ್ಲಿಗೆ, ಅದರಡಿಯ ಮಣ್ಣಿಗೆ. ಉಣ್ಣೆ ಕಚ್ಚಿ ಬರುವ ಥೈಲೇರಿಯಾ ಜ್ವರವನ್ನು ಕರ್ನಾಟಕದ ಮಿಶ್ರತಳಿ ಹಸು ಸಾಕುವವರೂ ಬಲ್ಲರು. ಆ ಪರೋಪಜೀವಿಗಳ ಕುಲಕ್ಕೆ 1907ರಲ್ಲಿ ಇಟ್ಟದ್ದು ಇವರ ಹೆಸರನ್ನೇ.

ಪಶುವೈದ್ಯ ಪದವಿ ಪಡೆದು 1891ರಲ್ಲಿ ಟ್ರಾನ್ಸ್‌ವಾಲ್‌ಗೆ ಬಂದ ಥೈಲರ್, ಕೆಲ ಕಾಲದಲ್ಲೇ ಕೃಷಿಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡರು. ಮುಂದಿನ ಕೆಲಸವೆಲ್ಲ ಒಂದೇ ಕೈಯಲ್ಲಿ ನಡೆಯಿತು. 1893ರಲ್ಲಿ ಚಿನ್ನದ ಗಣಿಗಳ ಸುತ್ತ ಸಿಡುಬು ಹಬ್ಬಿದಾಗ ಲಸಿಕೆ ತಯಾರಿಸಿಕೊಟ್ಟು ಸರ್ಕಾರದ ಕಣ್ಣಿಗೆ ಬಿದ್ದರು. 1896ರಲ್ಲಿ, ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗವೆನಿಸಿದ್ದ ರಿಂಡರ್‌ಪೆಸ್ಟ್ ದಕ್ಷಿಣ ಆಫ್ರಿಕದ ದನಗಳನ್ನು ಹಿಂಡುಗಟ್ಟಲೆ ಕೊಂದಾಗ, ನಟಾಲ್‌ನ ಹರ್ಬರ್ಟ್ ವಾಟ್ಕಿನ್ಸ್-ಪಿಚ್‌ಫರ್ಡ್ ಜೊತೆಗೂಡಿ, ಗುಣಗೊಂಡ ದನದ ರಕ್ತದ ಸೀರಂನಿಂದ ರಕ್ಷಣೆ ನೀಡುವ ವಿಧಾನವನ್ನು ಪ್ರಯೋಗಿಸಿದರು. ಮೂರೇ ವರ್ಷದಲ್ಲಿ ಬೋಯರ್ ಯುದ್ಧ ಶುರುವಾಯಿತು. ಲೇಡಿಸ್ಮಿತ್ ಮುತ್ತಿಗೆಯಲ್ಲಿ ಪಿಚ್‌ಫರ್ಡ್ ಊರೊಳಗೆ ಸಿಕ್ಕಿಬಿದ್ದಿದ್ದರೆ, ಥೈಲರ್ ಹೊರಗೆ ಮುತ್ತಿದ ಬೋಯರ್ ಪಡೆಯ ಪಶುವೈದ್ಯರಾಗಿದ್ದರು. ಯುದ್ಧ ಗೆದ್ದ ಬ್ರಿಟಿಷರು ಎದುರು ಪಾಳೆಯದ ಈ ಮನುಷ್ಯನನ್ನು ಬಿಟ್ಟುಕೊಡದೆ ಕೆಲಸದಲ್ಲಿ ಮುಂದುವರಿಸಿದ್ದು ಜಾಣತನವೇ ಸರಿ.

ಆಫ್ರಿಕದ ಕುದುರೆ ಬೇನೆ ಇವರಿಗೆ ಬಹುಕಾಲ ಸವಾಲಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿ, ಮೂಗಿನಿಂದ ನೊರೆ ಸುರಿದು ಕುದುರೆ ಸಾಯುತ್ತದೆ. 1854–55ರ ಪಿಡುಗೊಂದರಲ್ಲೇ ಕೇಪ್ ಪ್ರಾಂತದ ಸುಮಾರು 70,000 ಕುದುರೆಗಳು ಹೋಗಿದ್ದವು. ಬೇನೆ ಬಂದು ಬದುಕುಳಿದ ಕುದುರೆಗೆ ಮತ್ತೆ ಅದು ತಗಲದೆಂದು ನಂಬಿ ರೈತರು ಹೆಚ್ಚು ಬೆಲೆ ತೆರುತ್ತಿದ್ದರು. ಅಂಥ ಕುದುರೆಯೂ ಒಮ್ಮೊಮ್ಮೆ ಸಾಯುತ್ತಿತ್ತು. ರೋಗಕಾರಕ ವೈರಸ್‌ನಲ್ಲಿ ಹಲವು ಬಗೆಗಳಿವೆ, ಒಂದರ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ಸಾಲದು ಎಂದು ಥೈಲರ್ ತೋರಿಸಿದ ಮೇಲೆ ಈ ಒಗಟು ಬಿಡಿಸಿದಂತಾಯಿತು. ಇಂದು ಒಂಬತ್ತು ಬಗೆಗಳನ್ನು ಗುರುತಿಸಲಾಗಿದೆ. ರೋಗದ ರಕ್ತವನ್ನೂ ನಿರೋಧಕ ಸೀರಮ್ಮನ್ನೂ ಒಟ್ಟಿಗೆ ಚುಚ್ಚುವ ಅವರ ವಿಧಾನ ಹೇಸರಗತ್ತೆಗಳಲ್ಲಿ ಚೆನ್ನಾಗಿ ಫಲಿಸಿತು, ಕುದುರೆಗಳಲ್ಲಿ ಅಷ್ಟಾಗಿ ಅಲ್ಲ. ಅಲ್ಲದೆ, ಹೀಗೆ ಚುಚ್ಚಿಸಿಕೊಂಡ ಕೆಲವು ಕುದುರೆಗಳು ವಾರಗಳ ನಂತರ ಯಕೃತ್ತು ಕೆಟ್ಟು ಸತ್ತವು. ತನ್ನದೇ ಚಿಕಿತ್ಸೆಯ ಹಿಂದೆ ಬಂದ ಈ ಕೇಡನ್ನು ಥೈಲರ್ ಮುಚ್ಚಿಡದೆ ವರ್ಣಿಸಿದರು. ಅದಕ್ಕೆ ಥೈಲರ್ ರೋಗವೆಂದೇ ಹೆಸರಾಯಿತು. ಅದರೊಂದಿಗೆ ನಂಟಿರುವ ಪಾರ್ವೊವೈರಸ್ ಪತ್ತೆಯಾದದ್ದು 2018ರಲ್ಲಿ.

1908ರಲ್ಲಿ ಪ್ರಿಟೋರಿಯ ಬಳಿಯ ಆಂಡರ್‌ಸ್ಟೆಪೋರ್ಟ್‌ನಲ್ಲಿ ಇವರಿಗಾಗಿ ದೊಡ್ಡ ಪ್ರಯೋಗಾಲಯ ಎದ್ದಿತು. 1910ರಲ್ಲಿ ಅನಾಪ್ಲಾಸ್ಮ ಎಂಬ ರಕ್ತಪರೋಪಜೀವಿಯನ್ನು ವಿವರಿಸಿದರು. 1914ರಲ್ಲಿ ನೈಟ್ ಪದವಿ ಬಂತು. 1920ರಲ್ಲಿ ಅಲ್ಲೇ ತೆರೆದ ಪಶುವೈದ್ಯ ವಿಭಾಗಕ್ಕೆ ಇವರೇ ಮೊದಲ ಡೀನ್.

ಪಶುಪೋಷಣೆಯ ಚರಿತ್ರೆಯಲ್ಲಿ ಥೈಲರ್‌ಗೆ ಸ್ಥಾನ ತಂದದ್ದು ಲ್ಯಾಮ್‌ಸೀಕ್ಟೆಯ ಅಧ್ಯಯನ. ಕಾಲಿನ ಶಕ್ತಿ ಕುಂದಿ, ದನ ಮಲಗಿದಲ್ಲಿಯೇ ಸಾಯುವ ಕಾಯಿಲೆಯಿದು. ಹುಲ್ಲಿನಲ್ಲೇ ವಿಷವಿರಬೇಕೆಂಬ ಗುಮಾನಿ ಬಹುಕಾಲವಿತ್ತು. ಥೈಲರ್ ಕೂಡ ಅದೇ ಜಾಡಿನಲ್ಲಿ ವರ್ಷಗಳನ್ನು ಕಳೆದರು. 1919ರಲ್ಲಿ ಫ್ರೈಬರ್ಗ್ ಬಳಿಯ ಆರ್ಮುಟ್ಸ್‌ಫ್ಲಾಕ್ಟೆ ಎಂಬ ಜಮೀನಿನಲ್ಲಿ ಪ್ರಯೋಗ ಹೂಡಿದರು. ಹೆಸರಿನ ಅರ್ಥ ಬಡತನದ ಬಯಲು. ನಿಜಕ್ಕೂ ಅಲ್ಲಿನ ಮಣ್ಣು ರಂಜಕಕ್ಕೆ ಬಡವಾಗಿತ್ತು. ಹುಲ್ಲು ಒಣಗುವ ಕಾಲಕ್ಕೆ ಅದರಲ್ಲಿದ್ದಷ್ಟು ರಂಜಕವೂ ಇಳಿಯುತ್ತಿತ್ತು. ಹೊಟ್ಟೆ ತುಂಬ ಮೇದರೂ ದನಗಳಿಗೆ ಮೂಳೆಯ ಹಂಬಲ. ಬಯಲಲ್ಲಿ ಬಿದ್ದ ಪ್ರಾಣಿಗಳ ಎಲುಬನ್ನು ಹುಡುಕಿ ಕಡಿಯುತ್ತಿದ್ದವು. ಬಿಸಿಲಿಗೆ ಬೆಳ್ಳಗಾದ ಶುದ್ಧ ಮೂಳೆಯಿಂದ ಅಪಾಯವಿರಲಿಲ್ಲ. ಕೊಳೆತ ಮಾಂಸ ಅಂಟಿದ್ದರೆ ಮಾತ್ರ ಬಾಟ್ಯುಲಿನಮ್ ಗುಂಪಿನ ಜೀವಾಣುವಿನ ವಿಷ ಒಳಗೆ ಸೇರುತ್ತಿತ್ತು. ಕೊಂದದ್ದು ವಿಷ, ಆ ವಿಷದ ಬಳಿ ದನವನ್ನು ಎಳೆದು ತಂದದ್ದು ಮಣ್ಣಿನ ಕೊರತೆ.

ಮದ್ದು ಸರಳವಾಗಿತ್ತು: ಸತ್ತ ಪ್ರಾಣಿಗಳನ್ನು ಬಯಲಿನಿಂದ ತೆಗೆಯುವುದು, ದನಕ್ಕೆ ದಿನಾ ಶುದ್ಧ ಮೂಳೆಪುಡಿ ತಿನ್ನಿಸುವುದು. ಮೂಳೆಪುಡಿಯ ಸಲಹೆಯನ್ನು 1880ರ ದಶಕದಲ್ಲೇ ಕೇಪ್‌ನ ಡಂಕನ್ ಹಚನ್ ಕೊಟ್ಟಿದ್ದರೆಂಬುದನ್ನು ಮರೆಯಬಾರದು. ಥೈಲರ್ ಮಾಡಿದ್ದು ಕಾರಣದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಜೋಡಿಸಿ ತೋರಿಸುವ ಕೆಲಸ. ರೋಗವಿಲ್ಲದ ದನಗಳೂ ಮೂಳೆಪುಡಿ ತಿಂದು ಮೈದುಂಬಿದವು, ಹಾಲು ಹೆಚ್ಚಿತು. ಹೀಗಾಗಿ, 1924ರಲ್ಲಿ ರಸಾಯನಶಾಸ್ತ್ರಜ್ಞ ಹೆಚ್. ಹೆಚ್. ಗ್ರೀನ್ ಹಾಗೂ ಪಿ. ಜೆ. ಡು ಟಾಯ್ಟ್ ಜೊತೆ ಪ್ರಕಟಿಸಿದ ಬರಹದಲ್ಲಿ ಚರ್ಚೆ ರೋಗವನ್ನು ದಾಟಿ ಪಶುಸಂಗೋಪನೆಯಲ್ಲಿ ರಂಜಕದ ಪಾತ್ರದತ್ತ ಹೊರಳಿತು.

1927ರಲ್ಲಿ ನಿವೃತ್ತರಾದ ಥೈಲರ್ 1936ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಮಗಳು ಗೆರ್ಟ್ರೂಡ್ ಉಣ್ಣೆಗಳ ತಜ್ಞೆಯಾದರು. ಮಗ ಮ್ಯಾಕ್ಸ್ ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದರು. ಹಳದಿ ಜ್ವರದ ವೈರಸ್ಸನ್ನು ಇಲಿಯ ಮಿದುಳಿನಲ್ಲಿ ಬೆಳೆಸುವ ಮ್ಯಾಕ್ಸ್‌ರ ದಾರಿಯನ್ನೇ ಹಿಡಿದು, 1930ರ ದಶಕದಲ್ಲಿ ಆಂಡರ್‌ಸ್ಟೆಪೋರ್ಟ್‌ನ ರೇಮಂಡ್ ಅಲೆಕ್ಸಾಂಡರ್ ಕುದುರೆ ಬೇನೆಗೆ ಲಸಿಕೆ ಮಾಡಿದರು. 1960ರಲ್ಲಿ ಆ ಬೇನೆ ಪಶ್ಚಿಮ ಏಷ್ಯ ದಾಟಿ ಭಾರತಕ್ಕೆ ಬಂದಾಗ ಇಲ್ಲಿನ ಕುದುರೆಗಳಿಗೆ ಹಾಕಿದ್ದು ಇಲಿಮಿದುಳಿನ ಅಂಥ ಲಸಿಕೆಯನ್ನೇ.