ಕಲ್ಲಿಗೆ ಕಲ್ಲೇ ನಂಗೂರ

ನಮ್ಮ ಅಜ್ಜಯ್ಯನ ಪಾತಿ ದೋಣಿಯಲ್ಲಿದ್ದ ನಂಗೂರ ಒಂದು ಬೀಸುಕಲ್ಲಿನ ಮೇಲ್ಗಲ್ಲು. ಅಂಚು ಒಡೆದು ಬೀಸಲು ಬಾರದಾದಾಗ ಅಜ್ಜಿ ಅದನ್ನು ಹಿತ್ತಲಿಗೆ ಹಾಕಿದ್ದರು. ಅಜ್ಜಯ್ಯ ಅದರ ನಡುತೂತಿಗೆ ತೆಂಗಿನ ನಾರಿನ ಹಗ್ಗ ಪೋಣಿಸಿ ಕಡಲಿಗೆ ಒಯ್ದರು. ಕುಂದಾಪುರದ ನಮ್ಮ ಕಡೆ ಮುರು ಮೀನು, ಕೆಂಬೇರಿಗೆ ಗಾಳ ಹಾಕುವವರು ಬಂಡೆ ಹುಡುಕಿಕೊಂಡೇ ಹೋಗಬೇಕು; ಆ ಮೀನುಗಳ ವಾಸವೇ ಬಂಡೆಯ ಸಂದು. ದೋಣಿ ಅಲ್ಲಿ ಅಲುಗದೆ ನಿಲ್ಲಬೇಕು. ಪೇಟೆಯಲ್ಲಿ ಕಬ್ಬಿಣದ ನಂಗೂರ ಸಿಗುತ್ತಿತ್ತು. ಅದನ್ನು ಯಾಕೆ ತರುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

‘ಕಬ್ಬಿಣದ್ದ್ ಕಚ್ಚತ್ತ್, ಅದ್ ಸಮ. ಬಿಡ್ಸುಕೆ ಯಾರ್ ಹೋತ್ರ್?’

ಶಾಲೆಯಲ್ಲಿ ಇತಿಹಾಸ ಪಾಠ ಹೇಳಿಕೊಂಡು ಮೂವತ್ತು ವರ್ಷ ಕಳೆದ ನನಗೆ ಈ ಪ್ರಶ್ನೆಯ ತೂಕ ಅರ್ಥವಾದದ್ದು ತಡವಾಗಿ, ಅದೂ ದ್ವಾರಕೆಯ ವರದಿಗಳನ್ನು ಓದುವಾಗ. ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್, ಅಂದರೆ 1950ರ ದಶಕದಲ್ಲಿ ಲೋಥಲ್ ಅಗೆದ ಎಸ್. ಆರ್. ರಾವ್, 1980ರ ದಶಕದಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಂಡದೊಂದಿಗೆ ದ್ವಾರಕೆಯ ಕಡಲಿಗೆ ಮುಳುಗುಗಾರರನ್ನು ಇಳಿಸಿದರು. ಕೃಷ್ಣನ ಪಟ್ಟಣ ಸಿಕ್ಕಿತೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಜಗಳವಿಲ್ಲದೆ ಸಿಕ್ಕಿದ್ದು ಕಲ್ಲಿನ ನಂಗೂರಗಳು, ಕ್ರಮೇಣ ಲೆಕ್ಕ ಹಾಕಿದಾಗ ನೂರಕ್ಕೂ ಹೆಚ್ಚು. ಅವುಗಳಲ್ಲಿ ಒಂದು ಬಗೆಯದು ನಡುವೆ ತೂತಿರುವ ದುಂಡು ಕಲ್ಲು. ಚಿತ್ರ ನೋಡಿ ನಾನು ನಕ್ಕೆ. ಥೇಟ್ ನಮ್ಮನೆ ಬೀಸುಕಲ್ಲು! ಇನ್ನೊಂದು ಬಗೆ ಚಪ್ಪಟೆ: ಮೇಲೆ ಹಗ್ಗಕ್ಕೊಂದು ದುಂಡು ತೂತು, ಕೆಳಗೆ ಮರದ ಗೂಟ ತೂರಿಸಲು ಎರಡು ಚೌಕ ತೂತು. ಮೂರನೆಯದು ಉದ್ದನೆಯ ಕಂಬದಂಥದ್ದು. ಬುಡದ ಎರಡು ತೂತುಗಳು ಒಂದಕ್ಕೊಂದು ಅಡ್ಡಡ್ಡ. ಇದನ್ನು ವಿದ್ವಾಂಸರು ಇಂಡೋ-ಅರೇಬಿಯನ್ ಎನ್ನುತ್ತಾರೆ. ಇರಾನಿನ ಸಿರಾಫ್‌ನಿಂದ ಶ್ರೀಲಂಕಾದ ಗಾಲೆಯವರೆಗೆ ಸಿಕ್ಕಿದೆ. ನಮ್ಮ ‘ಲಂಗರು’ ಶಬ್ದವೂ ಪಾರಸಿಯದೇ. ಹಡಗಿನವರ ಬಾಯಲ್ಲಿ ಬಂದು ನಮ್ಮಲ್ಲಿ ‘ನಂಗೂರ’ವಾಯಿತು.

ಇಷ್ಟೊಂದು ನಂಗೂರ ಒಂದೇ ಕಡೆ ಯಾಕೆ ಬಿದ್ದಿವೆ? ದೊಡ್ಡ ಬಂದರಿತ್ತು, ಹಡಗು ಬಹಳ ಬರುತ್ತಿದ್ದವು ಎಂಬುದು ಪುಸ್ತಕದ ಉತ್ತರ. ತಪ್ಪಲ್ಲ. ಆದರೆ ದ್ವಾರಕೆಯ ಕಡಲತಳದಲ್ಲಿ ಬಂಡೆ ಹೆಚ್ಚು. ಬಿಟ್ಟುಬಂದ ನಂಗೂರ ಮಾತ್ರವೇ ಇತಿಹಾಸಕಾರನಿಗೆ ಸಿಗುವುದು. ಎಳೆದುಕೊಂಡು ಮನೆಗೆ ಹೋದದ್ದು ಸಿಗುವುದಿಲ್ಲ. ಆ ನೂರು ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ಹಿಂದೆ ಹಗ್ಗ ಕೊಯ್ದು, ಶಾಪ ಹಾಕಿ ಹೊರಟ ಒಬ್ಬೊಬ್ಬ ತಾಂಡೇಲ ನನಗೆ ಕಾಣುತ್ತಾನೆ.

ಮರಳಿನ ಕತೆ ಬೇರೆ. ಅಲ್ಲಿ ನಂಗೂರ ಮಣ್ಣೊಳಗೆ ಹೂತು ಹಿಡಿಯುತ್ತದೆ. 1933ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಜಿ. ಐ. ಟೇಲರ್ ತನ್ನ ಹಾಯಿದೋಣಿಗಾಗಿ ನೇಗಿಲಿನ ಆಕಾರದ ನಂಗೂರ ಮಾಡಿದ. ದೊಡ್ಡ ತಲೆ, ಒಳ್ಳೆಯ ನಂಗೂರ. ಆದರೆ ಬಂಡೆಯ ಮೇಲೆ ಉಳುವುದುಂಟೇ? ಅಲ್ಲಿ ನೇಗಿಲು ಜಾರುತ್ತದೆ, ಇಲ್ಲವೇ ಸಂದಿಗೆ ಸಿಕ್ಕಿ ಅಲ್ಲೇ ಉಳಿಯುತ್ತದೆ.

ಕಲ್ಲಿಗೂ ದೋಷವಿದೆ, ಮುಚ್ಚಿಡುವುದಿಲ್ಲ. 20 ಕೆ.ಜಿ. ಕರಿಕಲ್ಲು ಕಡಲನೀರಿನೊಳಗೆ ಸುಮಾರು 12 ಕೆ.ಜಿ.ಯಷ್ಟೇ ತೂಗುತ್ತದೆ, ಅಷ್ಟೇ ಕಬ್ಬಿಣ 17 ಕೆ.ಜಿ.ಗೂ ಹೆಚ್ಚು. ಗಾಳಿ ಎದ್ದರೆ ಕಲ್ಲು ತೆವಳುತ್ತದೆ, ದೋಣಿ ಹಿಂದಕ್ಕೆ ಸರಿಯುತ್ತದೆ. ಅಜ್ಜಯ್ಯನಿಗೆ ಅದು ಗೊತ್ತಿತ್ತು. ಗಾಳಿಯ ದಿನ ಅವರು ಬಂಡೆಯ ಕಡೆ ಹೋಗುತ್ತಲೇ ಇರಲಿಲ್ಲ.

ಈಗ ನನ್ನ ತಂಗಿಯ ಮಗ ಹೋಗುತ್ತಾನೆ, ಎಂಜಿನ್ ದೋಣಿ, ಬಂಡೆಯ ಗುರುತಿಗೆ ಜಿಪಿಎಸ್. ಅವನ ನಂಗೂರಕ್ಕೆ ನಾಲ್ಕು ಕೊಕ್ಕೆ, ಮನೆ ಕಟ್ಟುವ ಕಂಬಿಯದ್ದು. ದಪ್ಪ ಕಂಬಿ ಬೇಡವೆಂದು ಅವನೇ ವೆಲ್ಡಿಂಗ್‌ನವನಿಗೆ ಹೇಳಿ ಮಾಡಿಸಿದ್ದು. ಸಂದಿಗೆ ಸಿಕ್ಕಿತೆಂದರೆ ಹಗ್ಗವನ್ನು ಗೂಟಕ್ಕೆ ಸುತ್ತಿ ಎಂಜಿನ್ ಕೊಡುತ್ತಾನೆ. ಕೊಕ್ಕೆ ನೆಟ್ಟಗಾಗಿ ಜಾರಿ ಬರುತ್ತದೆ. ಮನೆಗೆ ಬಂದು ಪೈಪು ತೂರಿಸಿ ಮತ್ತೆ ಬಗ್ಗಿಸುತ್ತಾನೆ. ಮೊದಲೆರಡು ಮಾರು ಸರಪಳಿ, ಆಮೇಲೆ ನೈಲಾನ್. ಇಲ್ಲದಿದ್ದರೆ ಬಂಡೆಗಂಟಿದ ಚಿಪ್ಪು ಹಗ್ಗವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಸರಪಳಿ ಕಟ್ಟುವುದರಲ್ಲೂ ಒಂದು ಉಪಾಯವಿದೆ. ಅದನ್ನು ಬುಡಕ್ಕೆ, ಕೊಕ್ಕೆಗಳು ಕೂಡುವಲ್ಲಿ ಬಿಗಿದು, ತುದಿಯ ಬಳೆಗೆ ಬರೀ ಬಲೆ ಹೆಣೆಯುವ ದಾರದಿಂದ ಕಟ್ಟುತ್ತಾನೆ. ಜೋರಾಗಿ ಎಳೆದರೆ ದಾರ ಹರಿಯುತ್ತದೆ, ನಂಗೂರ ಬುಡಮೇಲಾಗಿ ಹಿಂದುಹಿಂದಕ್ಕೆ ಹೊರಬರುತ್ತದೆ. ಇದೇ ಉಪಾಯವನ್ನು ದೂರದ ದೇಶಗಳ ಕಲ್ಲುಕಡಲ ಬೆಸ್ತರೂ ಬಲ್ಲರು. ನ್ಯೂಫೌಂಡ್‌ಲ್ಯಾಂಡಿನವರಂತೂ ಕಟ್ಟಿಗೆಯ ಪಂಜರದೊಳಗೆ ಕಲ್ಲಿಟ್ಟು, ‘ಕಿಲಿಕ್’ ಎಂದು ಹೆಸರಿಟ್ಟು, ಅದನ್ನೇ ನಂಗೂರ ಮಾಡಿಕೊಂಡಿದ್ದರು.

‘ದಾರ ಕಟ್ಟೂದ್ ಯಾರ್ ಕಲ್ಸದ್ದ್?’ ಎಂದು ಕೇಳಿದೆ.

‘ಯಾರೂ ಅಲ್ಲ ಮಾವ. ಮೂರ್ ನಂಗೂರ ಹೋಯ್ತ್ ಅಲ್ದಾ?’

ಅಜ್ಜಯ್ಯನ ಕಲ್ಲು ಹೋದದ್ದು ನಾನು ಜೊತೆಗಿದ್ದ ದಿನವೇ. ನಾನೇ ಹಗ್ಗ ಎಳೆಯುತ್ತಿದ್ದೆ, ಬರಲಿಲ್ಲ. ದೋಣಿಯನ್ನು ಆಚೆ ಬದಿಗೆ ತಂದು ಎಳೆದೆವು, ಆಗಲೂ ಬರಲಿಲ್ಲ. ಅಜ್ಜಯ್ಯ ಕತ್ತಿ ತೆಗೆದು ಹಗ್ಗ ಕೊಯ್ದರು, ಬೀಡಿ ಹಚ್ಚಿದರು, ಹುಟ್ಟು ಹಿಡಿದರು. ಮನೆಗೆ ಬಂದ ಮೇಲೆ ಬೈದದ್ದು ಅಜ್ಜಿ, ಅದೂ ಹಗ್ಗಕ್ಕಾಗಿ. ಬೀಸುಕಲ್ಲಿನ ಕೆಳಗಲ್ಲು ಈಗಲೂ ನಮ್ಮ ಬಾವಿಕಟ್ಟೆಯ ಪಕ್ಕದಲ್ಲಿದೆ. ಅದರ ಮೇಲೆ ಕೊಡಪಾನ ಇಡುತ್ತೇವೆ.