ಖರೀದಿ ಚೀಟಿಯೂ ಕಾನೂನೂ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಆಹಾರ ವ್ಯಾಪಾರ ಕುರಿತು

ಹಾನಗಲ್ಲಿನ ಆಪೂಸ್ ಮಾವು, ಸವಣೂರಿನ ಖಾರಾ, ಹಿರೇಕೆರೂರಿನ ಗೋವಿನಜೋಳ, ಶಿಗ್ಗಾಂವಿ ಸೀಮೆಯ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಈ ಸರಕುಗಳಿಗೆಲ್ಲ 2011ರ ಆಗಸ್ಟ್ 5ರಿಂದ ಅನ್ವಯಿಸುತ್ತಿರುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಅದಕ್ಕೂ ಮೊದಲಿದ್ದ 1954ರ ಕಲಬೆರಕೆ ತಡೆ ಕಾಯ್ದೆಯ ಕಣ್ಣು ಮುಖ್ಯವಾಗಿ ಕಲಬೆರಕೆ ಮಾಡಿದವನನ್ನು ಹಿಡಿದು ಶಿಕ್ಷಿಸುವುದರ ಮೇಲಿತ್ತು. ಹೊಸ ಕಾಯ್ದೆ ತಯಾರಕ, ಸಗಟುಗಾರ, ಚಿಲ್ಲರೆ ವ್ಯಾಪಾರಿ ಹೀಗೆ ಪ್ರತಿ ಕೈಗೂ ಬೇರೆಬೇರೆ ಹೊಣೆ ಹಂಚಿತು. ಈ ಹಂಚಿಕೆಯಲ್ಲಿ ಸಣ್ಣ ವ್ಯಾಪಾರಿಯನ್ನು ಕಾಯುವುದು ಗೋಡೆಗೆ ತೂಗುಹಾಕಿದ ನೋಂದಣಿ ಪತ್ರಕ್ಕಿಂತ ಹೆಚ್ಚಾಗಿ ಖರೀದಿ ಚೀಟಿ ಎಂಬುದು ನನ್ನ ವಾದ.

ಮೊದಲು ಹೊಲದ ಬದು ನೋಡೋಣ. ಕಲಂ 18(3) ರೈತನನ್ನೂ ಹೊಲದ ಮಟ್ಟದಲ್ಲಿ ಅವನು ಬೆಳೆದ ಫಸಲನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಫಸಲು ಬೇರೆಯವರ ಕೈಗೆ ದಾಟಿದ ಕ್ಷಣ ಕಾಯ್ದೆಯೊಳಗೆ ಬರುತ್ತದೆ. ಮಾವಿನ ವ್ಯಾಪಾರದಲ್ಲಿ ಹೂವು, ಕಾಯಿ ಇರುವಾಗಲೇ ತೋಟವನ್ನು ಗುತ್ತಿಗೆ ಹಿಡಿಯುವ ರೂಢಿಯಿದೆ. ಹಾಗೆ ಹಿಡಿದವನು ಕಾಯಿ ಕಿತ್ತು ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣವಿಟ್ಟು ಹಣ್ಣು ಮಾಡಿದರೆ, ಮರ ರೈತನದೇ ಆಗಿದ್ದರೂ ಹೊಣೆ ಗುತ್ತಿಗೆದಾರನದೇ ಎಂದು ಓದುವುದು ನ್ಯಾಯ. ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶಗಳಿರುವುದರಿಂದ ಅದರಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು 2011ರ ನಿಯಮಾವಳಿ ನಿಷೇಧಿಸಿದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿಯಿದೆ.

ಖಾರಾದ ಸಂಗತಿ ಇನ್ನೂ ತೊಡಕಿನದು. ಒಲೆಯ ಮುಂದೆ ನಿಂತವನ ಕೈಯಲ್ಲಿರುವುದು ಕಡಲೆಹಿಟ್ಟು, ಎಣ್ಣೆ, ಅರಿಸಿನ, ಖಾರದ ಪುಡಿ. ಎಣ್ಣೆಯ ಮಟ್ಟಿಗೆ ಹೊಣೆ ಪೂರ್ತಿ ಅವನದೇ: ಮತ್ತೆಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಖಾರದ ಪುಡಿಯನ್ನು ಮಾತ್ರ ಅವನು ಕೊಂಡು ತಂದಿರುತ್ತಾನೆ. ಅದಕ್ಕೆ ಯಾವ ಬಣ್ಣವನ್ನೂ ಸೇರಿಸಕೂಡದು. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ಸುಡಾನ್-1 ಬಣ್ಣ ಕಂಡು ಯುರೋಪ್ ಬಾಗಿಲು ಬಿಗಿ ಮಾಡಿತು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ರೊಡಮೈನ್-ಬಿಯಂಥ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅನುಮತಿಯಿಲ್ಲದ ಬಣ್ಣ ಸೇರಿದ ತಿನಿಸು ಕಾಯ್ದೆಯ ವ್ಯಾಖ್ಯೆಯಂತೆ ‘ಅಸುರಕ್ಷಿತ’, ಅಂದರೆ ಕಲಂ 59ರಡಿ ಜೈಲುಶಿಕ್ಷೆಗೆ ದಾರಿ.

ಬಣ್ಣ ಬಂದದ್ದು ಪುಡಿಯಿಂದ ಎಂದು ತಯಾರಕ ತೋರಿಸುವುದು ಹೇಗೆ? ಕಲಂ 26(4)ರ ಪ್ರಕಾರ ಸರಕು ಕೊಡುವವನು ಲಿಖಿತ ಖಾತರಿ ಕೊಡಬೇಕು. ಬಿಲ್ಲು ಅಥವಾ ನಗದು ಚೀಟಿಯನ್ನೇ ಖಾತರಿಯೆಂದು ಎಣಿಸಲಾಗುತ್ತದೆ. ಕಲಂ 27 ಇನ್ನೂ ನಿಷ್ಠುರ: ಸರಕು ಯಾರಿಂದ ಬಂತೆಂದು ಗುರುತಿಸಲಾಗದಿದ್ದರೆ ಮಾರಿದವನೇ ಹೊಣೆಗಾರ. ಪರಿಚಯದ ಮೇಲೆ, ಉದ್ರಿಯ ಮೇಲೆ, ಬಾಯಿಮಾತಿನಲ್ಲಿ ನಡೆಯುವ ಸಂತೆಯ ಖರೀದಿಗೆ ಈ ಎರಡು ಕಲಂಗಳು ಬಿರುಸಾಗಿ ತಾಗುತ್ತವೆ. ಬಿಲ್ಲು ಕೊಡದ ಸಗಟುಗಾರ ತೆರಿಗೆ ಉಳಿಸಿಕೊಳ್ಳುತ್ತಾನೆ, ಅಪರಾಧದ ಭಾರವನ್ನು ಚಿಲ್ಲರೆಯವನ ತಲೆಗೆ ಕಟ್ಟುತ್ತಾನೆ. ಇದು ನನಗೆ ತೀರಾ ಅನ್ಯಾಯವೆನಿಸುತ್ತದೆ.

2011ರ ಪರವಾನಗಿ ನಿಯಮಾವಳಿ ವರ್ಷಕ್ಕೆ ₹12 ಲಕ್ಷ ಮೀರದ ವಹಿವಾಟಿನವರಿಗೆ ₹100 ಶುಲ್ಕದ ನೋಂದಣಿ ಸಾಕೆಂದಿತು. ಸಡಿಲಿಕೆ ಪರವಾನಗಿಗಷ್ಟೇ, ಸುರಕ್ಷತೆಯ ಹೊಣೆ ತಳ್ಳುಗಾಡಿಗೂ ತಪ್ಪಿದ್ದಲ್ಲ. ನೋಂದಣಿ ಮಾಡಿಸುವ ಶಿಬಿರಗಳು ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು.

ವ್ಯಾಪಾರಿಗೆ ಇರುವ ಹಕ್ಕುಗಳನ್ನೂ ಅಲ್ಲೇ ಹೇಳಬೇಕು. ಆಹಾರ ಸುರಕ್ಷತಾಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮುದ್ರೆ ಹಾಕುತ್ತಾರೆ. ಒಂದು ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ವ್ಯಾಪಾರಿ ಕೇಳಬಹುದು. ವರದಿ 14 ದಿನಗಳಲ್ಲಿ ಬರಬೇಕು, ಅದರ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆ ಮೇಲ್ಮನವಿಯೊಂದಿಗೆ ಮೆಣಸಿನಪುಡಿಯ ಬಿಲ್ಲನ್ನೂ ಹಾಜರುಪಡಿಸಿದರೆ, ತನಿಖೆಗೆ ಸರಬರಾಜುದಾರನವರೆಗೆ ಹೋಗಲು ಆಧಾರ ಸಿಗುತ್ತದೆ.